ಅಕ್ಮರಾಲ್‌ಳ ಪಾಲಿನ ಕೊಬ್ಬು

ಎರಡು ವರ್ಷಗಳಿಂದ ಘಟನೆಗಳ ಕ್ರಮ ಬದಲಾಗಿರಲಿಲ್ಲ. ಮೊದಲು ಹತ್ತು ವರ್ಷದ ಅಕ್ಮರಾಲ್‌ಗೆ ಹೊಟ್ಟೆನೋವು, ಅನಂತರ ಗುಡ್ಡಗಾಡಿನ ನಾರಿನ್‌ನಿಂದ ರಾಜಧಾನಿ ಬಿಷ್ಕೆಕ್‌ನ ಆಸ್ಪತ್ರೆಗೆ ಪ್ರಯಾಣ, ಚಿಕಿತ್ಸೆ, ಮನೆಗೆ ಮರಳಿದ ಸಂಜೆ ಕುರಿ ಕೊಯ್ದು ಬಂಧುಗಳಿಗೆ ಔತಣ, ಸ್ವಲ್ಪ ಕಾಲದಲ್ಲೇ ಪುನಃ ಹೊಟ್ಟೆನೋವು.

ಐದನೆಯ ಬಾರಿ ಶಸ್ತ್ರವೈದ್ಯೆ ಬುರುಲ್, ಹುಡುಗಿಯ ಅಜ್ಜ ಬೆಯ್ಶೆನ್‌ನನ್ನು ಹಾಸಿಗೆಯ ಪಕ್ಕದಲ್ಲಿ ಕೂರಿಸಿ ಸ್ಕ್ಯಾನ್ ತೋರಿಸಿದಳು. ಮೇದೋಜೀರಕ ಗ್ರಂಥಿಯ ನಾಳದಲ್ಲಿ ಕಲ್ಲುಗಳು ಕಟ್ಟಿಕೊಂಡಿದ್ದವು. ನಾಳವನ್ನು ಉದ್ದಕ್ಕೆ ತೆರೆದು, ಕಲ್ಲು ತೆಗೆದು, ಅದನ್ನು ಕರುಳಿಗೆ ಜೋಡಿಸದೆ ನೋವು ನಿಲ್ಲುವಂತಿರಲಿಲ್ಲ.

"ಎಷ್ಟಾಗುತ್ತೆ ಡಾಕ್ಟರಮ್ಮ?"

"ವಿಮೆಯೋರು ಕೊಡೋದು ಬಿಟ್ಟು, ನಿಮ್ಮ ಕೈಯಿಂದ ಮೂರು ಹಸುವಿನ ಬೆಲೆ."

"ಮೂರು ಹಸುನಾ! ಬಂಗಾರದ ದಾರದಲ್ಲಿ ಹೊಲೀತೀಯೇನಮ್ಮಾ?"

"ಇಷ್ಟು ಸಲ ಬಂದು ಹೋದ್ರಲ್ಲ ತಾತ, ಅದಕ್ಕೆ ಎಷ್ಟು ಮಾರಿದ್ರಿ?"

ಬೆಯ್ಶೆನ್ ಟೋಪಿ ತೆಗೆದು ತಲೆ ಕೆರೆದುಕೊಂಡ. "ನಾಲ್ಕು."

"ಔತಣದ ಕುರಿಗಳು ಬೇರೆ," ಎಂದಳು ಅಕ್ಮರಾಲ್.

"ಯಾವ ಔತಣ?"

"ನಾನು ಹುಷಾರಾಗಿ ಬಂದಿದ್ದಕ್ಕೆ. ಕುರಿಯ ದಪ್ಪ ಬಾಲದ ಕೊಬ್ಬೆಲ್ಲ ಗೌರವದ ಪಾಲು ಅಂತ ನಂಗೇ ಕೊಡ್ತಾರೆ."

"ಮತ್ತೆ? ಆಸ್ಪತ್ರೆಯಿಂದ ಬಂದ ಮಗೂಗೆ ಮೂಳೆ ಕೊಡೋಕಾಗುತ್ತಾ?" ಎಂದ ಬೆಯ್ಶೆನ್. "ಊರೋರು ಏನಂತಾರೆ?"

ಬುರುಲ್ ಹಣೆ ಚಚ್ಚಿಕೊಂಡಳು. "ಅಯ್ಯೋ ತಾತ! ನಾವಿಲ್ಲಿ ಬೆಂಕಿ ಆರಿಸಿ ಕಳಿಸ್ತೀವಿ, ನೀವಲ್ಲಿ ಕೊಬ್ಬು ಸುರಿದು ಹೊತ್ತಿಸ್ತೀರಿ. ಕಲ್ಲಿರೋ ತನಕ ನೋವು ಬರೋದೇ. ಆದ್ರೆ ನಿಮ್ಮ ಕುರಿ ಅದನ್ನ ಕೈ ಹಿಡಿದು ಕರ್ಕೊಂಡು ಬರ್ತಿದೆ."

ಬೆಯ್ಶೆನ್ ಇನ್ನೂ ಮೂರು ಹಸು ಮಾರಲು ಒಪ್ಪಿದ. ಶಸ್ತ್ರಚಿಕಿತ್ಸೆ ಯಶಸ್ವಿಯಾಯಿತು. ಮನೆಗೆ ಹೊರಡುವ ದಿನ ಬುರುಲ್ ಕೇಳಿದಳು: "ಈ ಸಲ ಕುರಿ ಇಲ್ಲ ತಾನೇ?"

"ಅದು ಹ್ಯಾಗಾಗುತ್ತೆ? ಇಷ್ಟು ದೊಡ್ಡ ಆಪರೇಷನ್ ಆಗಿದೆ. ಈ ಸಲ ಎರಡು."

"ಅವಳು ಆ ಕೊಬ್ಬು ತಿಂದ್ರೆ ಮತ್ತೆ ಇಲ್ಲಿಗೇ ಬರ್ತಾಳೆ ತಾತ!"

"ಕೊಡದಿದ್ರೆ ನಾನು ಊರಲ್ಲಿ ತಲೆ ಎತ್ತೋ ಹಾಗಿಲ್ಲ."

ಬುರುಲ್ ಕೂಡ ನಾರಿನ್ ಕಡೆಯವಳೇ. ಗೌರವದ ಪಾಲು ಪಡೆದವರು ಅದನ್ನು ತಮಗೆ ಬೇಕಾದವರಿಗೆ ಕೊಡಬಹುದು, ಕೊಟ್ಟದ್ದನ್ನು ಯಾರೂ ನಿರಾಕರಿಸುವಂತಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಅವಳು ವಾದ ನಿಲ್ಲಿಸಿ, ಅಕ್ಮರಾಲ್‌ಳ ಕಿವಿಯಲ್ಲಿ ಏನೋ ಹೇಳಿದಳು.

ಔತಣದಲ್ಲಿ ಬೆಯ್ಶೆನ್, ನಡುಗುವ ಬಿಳಿ ಕೊಬ್ಬಿನ ತಟ್ಟೆಯನ್ನು ಮೊಮ್ಮಗಳ ಮುಂದಿಟ್ಟ. ಅವಳು ಅದನ್ನು ಎರಡೂ ಕೈಯಲ್ಲಿ ಎತ್ತಿ ಅವನಿಗೇ ನೀಡಿದಳು.

"ತಗೋ ತಾತ, ನನ್ನ ಪಾಲು ನಿಂಗೆ."

"ಇಷ್ಟೂನಾ?"

"ಬೇಡ ಅಂದ್ರೆ ಊರೋರು ಏನಂತಾರೆ?"

ಬಂಧುಗಳು ನಕ್ಕರು, ಬೆಯ್ಶೆನ್ ತಿಂದ. ಆಮೇಲೆ ಚಿಕ್ಕಪ್ಪಂದಿರು, ಅತ್ತೆಯಂದಿರು ಸರದಿಯಂತೆ ಅವಳನ್ನು ಔತಣಕ್ಕೆ ಕರೆದರು. ಪ್ರತಿ ಮನೆಯಲ್ಲೂ ಅವಳು ತನ್ನ ಪಾಲಿನ ಕೊಬ್ಬನ್ನು ತಾತನಿಗೇ ನೀಡಿದಳು.

ಮೂರು ತಿಂಗಳ ನಂತರ ಬುರುಲ್ ಇಬ್ಬರನ್ನೂ ಪರೀಕ್ಷಿಸಿದಳು. ಅಕ್ಮರಾಲ್‌ಗೆ ನೋವು ಮರುಕಳಿಸಿರಲಿಲ್ಲ, ತೂಕ ಏರಿತ್ತು. ಬೆಯ್ಶೆನ್‌ನ ಕೊಲೆಸ್ಟರಾಲ್ ಮಿತಿ ಮೀರಿತ್ತು.