ನಡುವಿನ ಚೌಕ

ಹೊಸ ವಿನ್ಯಾಸಕ್ಕೆ ತಲೆ ಓಡದಿದ್ದಾಗ ನಾನು ಹಳೇ ಪೇಪರ್ ಅಂಗಡಿಗೆ ಹೋಗುತ್ತೇನೆ. ಹಳೆಯ ವಾರಪತ್ರಿಕೆಗಳಲ್ಲಿ ಎಂಥೆಂಥ ಕೌದಿಗಳಿರುತ್ತವೆ! ಈಗಿನವರ ಕಣ್ಣಿಗೆ ಅವು ಬೀಳುವುದಿಲ್ಲ. ಬೀಳದಿದ್ದರೆ ನನಗೇ ಒಳ್ಳೆಯದು. ಈ ಸಲ ಸಿಕ್ಕ ಸಂಚಿಕೆ ನಾನು ಹುಟ್ಟುವುದಕ್ಕೂ ಎರಡು ವರ್ಷ ಮೊದಲಿನದು. ಅದರಲ್ಲೊಂದು ಕೌದಿಯ ಬಣ್ಣದ ಚಿತ್ರ: ನಡುವೆ ಒಂದು ಚೌಕ, ಸುತ್ತ ಎಂಟು.

ನಮ್ಮ ಮನೆಯ ಕೌದಿಗೆ ಒಂದೇ ಕಟ್ಟಳೆ. ತೀರಿಕೊಂಡವರ ಬಟ್ಟೆಯನ್ನಷ್ಟೇ ಕತ್ತರಿಸಬೇಕು. ಬದುಕಿರುವವರ ಬಟ್ಟೆಗೆ ಕತ್ತರಿ ತಾಗಿಸಿದರೆ ಅಮ್ಮ ಕೈಗೇ ಬಾರಿಸುತ್ತಿದ್ದಳು. ಹಾಗಾಗಿ ಪೆಟ್ಟಿಗೆಯಿಂದ ಅಮ್ಮನ ಹಸಿರು ಶಾಲು, ಅಪ್ಪನ ಗೀರಿನ ಅಂಗಿ, ನನ್ನ ಗಂಡನ ಬೂದು ಕೋಟು, ಹೀಗೆ ಎಂಟು ಬಟ್ಟೆ ತೆಗೆದೆ. ಚಿತ್ರದ ಜೋಡಣೆಯನ್ನಷ್ಟೇ ನೋಡಿಕೊಂಡೆ, ಬಣ್ಣ ಗಮನಿಸಲಿಲ್ಲ.

ಎಂಟನೆಯ ತುಂಡು ಹೊಲಿದ ಮೇಲೆ ಕೌದಿಯನ್ನೂ ಚಿತ್ರವನ್ನೂ ಪಕ್ಕಪಕ್ಕ ಹಿಡಿದು ನೋಡಿದೆ. ಚಿತ್ರದಲ್ಲಿದ್ದದ್ದು ನಮ್ಮವೇ ಬಟ್ಟೆಗಳು. ಕೋಟಿನ ತುಂಡಿನಲ್ಲಿ ಸಿಗರೇಟು ಸುಟ್ಟ ತೂತೂ ಇತ್ತು. ಆ ತೂತು ಬಿದ್ದ ದಿನ ನಾನೇ ಗಂಡನಿಗೆ ಮಂಗಳಾರತಿ ಎತ್ತಿದ್ದೆ. ಆಗ ಪತ್ರಿಕೆ ಅಚ್ಚಾಗಿ ಮೂವತ್ತು ವರ್ಷವಾಗಿತ್ತು.

ಇನ್ನು ಉಳಿದದ್ದು ನಡುವಿನ ಚೌಕ. ಚಿತ್ರದಲ್ಲಿ ಅದು ಕೆಂಪು, ಮೇಲೆ ಬಿಳಿ ಚುಕ್ಕಿ. ಅಡುಗೆಮನೆಯಲ್ಲಿ ನನ್ನ ತಂಗಿ ಪಾತ್ರೆ ತೊಳೆಯುತ್ತಿದ್ದಳು, ಬಿಳಿ ಚುಕ್ಕಿಯ ಕೆಂಪು ಗೌನು ತೊಟ್ಟು.

"ಏನಕ್ಕಾ, ದೆವ್ವ ಕಂಡವಳ ಹಾಗೆ ನಿಂತಿದೀಯ?"

"ಮೈ ಹುಷಾರಾಗಿದೆ ತಾನೇ ನಿಂಗೆ?"

"ಇಷ್ಟು ವರ್ಷ ನಿನ್ನ ಅಡುಗೆ ತಿಂದಿದೀನಿ. ಇನ್ನು ಕಲ್ಲು ತಿಂದ್ರೂ ಅರಗುತ್ತೆ!"

ಅವಳ ಬಾಯಿಗೆ ಬೀಗವಿಲ್ಲ. ದಿನಕ್ಕೆ ಹತ್ತು ಸಲ ನನ್ನ ತಲೆ ತಿನ್ನುತ್ತಾಳೆ. ಆದರೆ ಅವಳಿಲ್ಲದ ಮನೆ ನನಗೆ ಬೇಡ. ಹಿಂದೆಮುಂದೆ ನೋಡದೆ ನನ್ನ ನೀಲಿ ಅಂಗಿಯನ್ನು ಕತ್ತರಿಸಿ ನಡುವೆ ಹೊಲಿದೆ. ನೋಡನೋಡುತ್ತಿದ್ದಂತೆ ಚಿತ್ರದ ಚೌಕವೂ ನೀಲಿಯಾಯಿತು. ಸುಳ್ಳೇಕೆ, ಭಯವಾಯಿತು. ಭಯಕ್ಕಿಂತ ನೆಮ್ಮದಿ ಹೆಚ್ಚಾಗಿತ್ತು.

ಮರುದಿನ ಬೆಳಿಗ್ಗೆ ನೋಡಿದರೆ ಕೌದಿಯ ನಡುವೆ ಕೆಂಪು ಬಟ್ಟೆ. ತಂಗಿಯ ಗೌನಿನ ಅಂಚಿನಲ್ಲಿ ಒಂದು ಗೇಣು ಮಾಯವಾಗಿತ್ತು.

"ಆ ಚಿತ್ರ ನಾನೂ ನೋಡ್ದೆ," ಎಂದಳು. "ದೊಡ್ಡವಳು ಅಂತ ಎಲ್ಲದಕ್ಕೂ ನೀನೇ ಮುಂದೆ ನುಗ್ಗಬೇಡ."

ಪತ್ರಿಕೆ ಸುಡೋಣವೆಂದರೆ ಅದರಲ್ಲಿರುವವರೆಲ್ಲ ನಮ್ಮವರೇ, ಕೈ ಬರಲಿಲ್ಲ. ಚೌಕ ಖಾಲಿ ಬಿಟ್ಟರೆ ಚಿತ್ರ ಮತ್ತೆ ಕೆಂಪಾಗುತ್ತದೆ. ಹಾಗಾಗಿ ಬೆಳಿಗ್ಗೆ ಅವಳದನ್ನು ಬಿಚ್ಚಿ ನನ್ನದನ್ನು ಹೊಲಿಯುತ್ತೇನೆ, ಮಧ್ಯಾಹ್ನ ಅವಳು ನನ್ನದನ್ನು ಬಿಚ್ಚಿ ತನ್ನದನ್ನು ಹೊಲಿಯುತ್ತಾಳೆ. ಮೂರು ವಾರದಿಂದ ಇದೇ ಹಗ್ಗಜಗ್ಗಾಟ. ಈ ವಿಷಯದಲ್ಲಿ ಮಾತ್ರ ನಾವು ಬಾಯಿ ಬಿಟ್ಟು ಜಗಳವಾಡುವುದಿಲ್ಲ.

ಇಂದು ಅವಳನ್ನು ಕೂಗಿ ಕರೆದು ಚಿತ್ರ ತೋರಿಸಿದೆ. ನಡುವಿನ ಚೌಕ ಮೂಲೆಯಿಂದ ಮೂಲೆಗೆ ಸೀಳಿತ್ತು. ಅರ್ಧ ಕೆಂಪು, ಅರ್ಧ ನೀಲಿ.

ತಂಗಿ ಆ ಸೀಳಿನ ಮೇಲೆ ಬೆರಳಾಡಿಸಿದಳು. "ಸದ್ಯ, ಒಬ್ಬರನ್ನ ಬಿಟ್ಟು ಒಬ್ಬರು ಇರೋದು ತಪ್ಪಿತು," ಎಂದು ನನ್ನ ಕೈ ಹಿಡಿದುಕೊಂಡಳು.

ಇಬ್ಬರೂ ಮೇಜಿನ ಮೇಲಿದ್ದ ಕೌದಿಯತ್ತ ತಿರುಗಿದೆವು. ಇಂದು ಬೆಳಿಗ್ಗೆಯಿಂದ ನಾವ್ಯಾರೂ ಸೂಜಿ ಹಿಡಿದಿರಲಿಲ್ಲ. ಆದರೂ ನಡುವೆ ಕೆಂಪು, ನೀಲಿ ಎರಡೂ ಸೇರಿ ಕೌದಿ ಮುಗಿದಿತ್ತು.