ಹನ್ನೊಂದನೇ ಕಲಂ

ಟ್ರಂಕಿನ ತಳಕ್ಕೆ ಕೈ ಹಾಕಿ ಅವಳು ಗಂಡನ ಸೇವಾಪುಸ್ತಕವನ್ನು ಎಳೆದಳು. ಪಡಸಾಲೆಯಲ್ಲಿ ಅವನ ಹೆಣವಿತ್ತು. ಸ್ಮಶಾನದ ಗಾಡಿ ಬರಲು ಇನ್ನೂ ಅರ್ಧ ಗಂಟೆ.

“ಈಗಲೇ ನನ್ನ ಕೈಗೆ ಕೊಟ್ಟುಬಿಡಿ ಅತ್ತಿಗೆ,” ಎಂದ ಗಂಡನ ಗೆಳೆಯ ಡ್ರೈವರ್. ಸೈನ್ಯದಲ್ಲಿ ಅವನೂ ಗಂಡನೂ ಒಂದೇ ಲಾರಿಯಲ್ಲಿದ್ದವರು. “ಕುಟುಂಬ ಪಿಂಚಣಿ ನಿಮಗೆ ಬರಬೇಕಲ್ಲ. ನಮ್ಮ ಅರ್ಜಿ ಸಿಪಾಯಿ ಮನೇಲಿ ಏನು ಚಿಂತೆ ಬಿಡಿ!”

ಗಂಡನಿಗೆ ಆ ಅಡ್ಡಹೆಸರು ಸುಮ್ಮನೆ ಬಂದದ್ದಲ್ಲ. ಊರಿನ ಮಾಜಿ ಸೈನಿಕರ ಅರ್ಜಿಗಳನ್ನೆಲ್ಲ ತುಂಬಿಕೊಟ್ಟವನು ಅವನೇ. ಜೇಬಿನಲ್ಲಿ ಸದಾ ನೀಲಿ ಪೆನ್ನು. ಯಾರೋ ಪುಣ್ಯಾತ್ಮರು ಹೆಣದ ಜೇಬಿಗೂ ಅದನ್ನು ಸಿಕ್ಕಿಸಿದ್ದರು. ಹೆಂಡತಿಯ ಹೆಸರು ಸೇರಿಸದವರನ್ನು, “ಕತ್ತೆಗಳಾ, ನಾಳೆ ಅವಳು ಯಾರ ಬಾಗಿಲು ತಟ್ಟಬೇಕು?” ಎಂದು ಜಾಡಿಸುತ್ತಿದ್ದ.

ಡ್ರೈವರ್ ಪುಟ ತಿರುಗಿಸಿದ. ಮುಖ ಸಪ್ಪಗಾಯಿತು.

“ಇಲ್ಲಿ ಹೆಂಡತಿ ಅಂತ ಇರೋದು... ಮೊದಲನೇ ಅತ್ತಿಗೆ ಹೆಸರು. ಅವರು ತೀರಿಕೊಂಡು ಇಪ್ಪತ್ತೊಂದು ವರ್ಷ ಆಯ್ತಲ್ಲ!”

“ನಂದು?”

ಅವನು ಕೊನೆಯ ಪುಟದವರೆಗೂ ಬೆರಳಾಡಿಸಿ ಹುಡುಕಿದ; ಎಲ್ಲೂ ಇರಲಿಲ್ಲ.

*

ಮದುವೆಯಾದ ಹೊಸತರಲ್ಲಿ ಗಂಡನೇ ಅವಳನ್ನು ಫೋಟೊ ಸ್ಟುಡಿಯೋಗೆ ಕರೆದೊಯ್ದಿದ್ದ. “ನೆಟ್ಟಗೆ ಕೂತ್ಕೊಳ್ಳೇ, ಇದು ನಿನ್ನ ಮುದಿಗಾಲದ ಅನ್ನ,” ಎಂದು ನಗಿಸಿದ್ದ. ಮನೆಗೆ ಬಂದು ಅವಳ ಹೆಸರು ಸೇರಿಸುವ ಅರ್ಜಿ ಬರೆಯಲು ಕೂತ. ಅವಳು ತಂದಿಟ್ಟ ಟೀ ಆರಿಹೋಯಿತು.

“ಮುಗೀತಾ?”

“ಒಂದು ಕಲಂ ಬಾಕಿ. ನಾಳೆ ಬರೀತೀನಿ.”

ಆಮೇಲೆ ಕೇಳಿದಾಗಲೆಲ್ಲ, “ನನಗೇ ಹೇಳಿಕೊಡ್ತೀಯಾ?” ಎಂದು ರೇಗುತ್ತಿದ್ದ. ಊರಿಗೆಲ್ಲ ಬರೆದುಕೊಡುವವನಿಗೆ ಅವಳೇನು ಹೇಳಿಕೊಡುವುದು? ಕೇಳುವುದನ್ನೇ ಬಿಟ್ಟಳು.

*

ಆ ಅರ್ಜಿ ಸೇವಾಪುಸ್ತಕದ ಹಿಂದಿನ ಲಕೋಟೆಯಲ್ಲೇ ಇತ್ತು. ಜಂಟಿ ಫೋಟೊ ಅಂಟಿಸಿಯಾಗಿತ್ತು. ಹತ್ತು ಕಲಂ ಮುತ್ತಿನಂಥ ಅಕ್ಷರದಲ್ಲಿ ತುಂಬಿತ್ತು. ಹನ್ನೊಂದನೆಯದು: ಮೊದಲ ಹೆಂಡತಿ ಮರಣ ಹೊಂದಿದ ದಿನಾಂಕ. ಅಲ್ಲಿ ಪೆನ್ನು ಊರಿ ನಿಂತ ನಾಲ್ಕೈದು ನೀಲಿ ಚುಕ್ಕೆಗಳಷ್ಟೇ. ಕೆಳಗೆ ಸಹಿಯೂ ಇರಲಿಲ್ಲ.

“ಸಹಿ ಇಲ್ಲ ಅಂದ್ರೆ...” ಡ್ರೈವರ್ ಅರ್ಜಿ ಮಡಚಿ ಅವಳ ಕೈಗಿಟ್ಟ. “ಕೋರ್ಟು, ಕಚೇರಿ ಅಂತ ವರ್ಷಗಟ್ಟಲೆ ಅಲೀಬೇಕು ಅತ್ತಿಗೆ. ಸಿಕ್ಕಿದರೆ ಸಿಕ್ಕಿತು.”



“ಅವಳು ಸತ್ತಳು ಅಂತ ಬರೆಯೋಕೆ ಕೈ ಬರಲಿಲ್ಲ ಇವರಿಗೆ. ಹತ್ತೊಂಬತ್ತು ವರ್ಷ ಬೇಯಿಸಿ ಹಾಕಿದ ನಾನು ಯಾರಣ್ಣಾ?”

ಹೊರಗೆ ಗಾಡಿ ಬಂದು ನಿಂತಿತು. ಯಾರೋ ಕೂಗಿದರು, “ಹೆಂಡತಿ ಎಲ್ಲಿ? ಮುಂದೆ ಕರೀರಪ್ಪಾ!”

ಅವಳು ಪಡಸಾಲೆಗೆ ಬಂದಳು. ಗಂಡನ ಜೇಬಿನಿಂದ ಪೆನ್ನು ಎಳೆದುಕೊಂಡಳು. ಪ್ರತಿವರ್ಷ ಅವನು ಊಟ ಬಿಟ್ಟು ಮೂಲೆ ಹಿಡಿಯುತ್ತಿದ್ದ ಆ ತಾರೀಖು ಅವಳಿಗೆ ಬಾಯಿಪಾಠವಾಗಿತ್ತು. ಅವನ ಎದೆಯ ಮೇಲೆಯೇ ಅರ್ಜಿ ಹರಡಿ, ಒತ್ತಿ ಒತ್ತಿ, ಅದನ್ನು ಬರೆದಳು.