ಕೊನೆಯ ನಲ್ಲಿಯ ಚಹಾ

ರವಿಕಾಂತ ಬಿರಾದಾರ ವಿಶ್ವವಿದ್ಯಾಲಯದಲ್ಲಿ ಮೊದಲ ಪಾಠ ಮಾಡಿದ ದಿನ ಮರಾಠವಾಡದ ಮುನ್ನೂರ ಹನ್ನೆರಡು ಬತ್ತಿದ ಬಾವಿಗಳಲ್ಲಿ ನೀರು ಒಂದೂವರೆ ಮೊಳ ಮೇಲಕ್ಕೆ ಬಂತು. ಯಾರು ಅಳೆದರು ಎಂದು ಕೇಳಬೇಡಿ. ಅಳೆಯಲು ಇಳಿದವರು ಇನ್ನೂ ಈಜುತ್ತಿದ್ದಾರೆ.

ಬಾವಿಗಳು ಎದ್ದವು ಸರಿ, ವಿದ್ಯಾರ್ಥಿಗಳು ಏಳಲಿಲ್ಲ.

ಭಾಲ್ಕಿ ಕಡೆಯ ಈ ರವಿಕಾಂತನದು ವಾರವಿಡೀ ನಾಶಿಕದ ಸಾತಪುರದಲ್ಲಿ ಕೆಲಸ. ಮೋಟರ್‌ಸೈಕಲ್ ಬಿಡಿಭಾಗಗಳಿಗೆ ನಿಕಲ್ ಹೊಳಪು ಕೊಡುವ ಕಾರ್ಖಾನೆ. ಹೊಳಪು ಕೊಡುವವನು ಅವನಲ್ಲ. ಹೊಳಪು ಕೊಟ್ಟ ಮೇಲೆ ಉಳಿಯುವ ಹಸಿರು ಹೊಲಸು ನೀರನ್ನು ಏಳು ತೊಟ್ಟಿಗಳಲ್ಲಿ ಹಾಯಿಸಿ, ತಿಳಿ ಮಾಡಿ, ಕೊನೆಯ ನಲ್ಲಿಯಿಂದ ತೋಟದ ಹುಲ್ಲಿಗೆ ಬಿಡುವವನು. ಕಾರ್ಖಾನೆಯಲ್ಲಿ ಅವನಿಗೆ ‘ನಾಲಾ ಸಾಹೇಬ’, ಅಂದರೆ ಚರಂಡಿ ಸಾಹೇಬ, ಎಂದು ಹೆಸರು. ಹದಿಮೂರು ವರ್ಷದಲ್ಲಿ ಅಲ್ಲಿ ಅವನನ್ನು ಯಾರೂ ಒಂದು ಪ್ರಶ್ನೆ ಕೇಳಿದ್ದಿಲ್ಲ, ಇವತ್ತು ಯಾಕೆ ಇಷ್ಟು ನಾರುತ್ತಿದೆ ಎಂಬುದೊಂದನ್ನು ಬಿಟ್ಟು.

ಶನಿವಾರದ ಮಾತೇ ಬೇರೆ. ಶನಿವಾರ ಬೆಳಗಿನ ಬಸ್ಸು ಹಿಡಿದು, ಯೇವಲಾ, ವೈಜಾಪುರ ದಾಟಿ, ಹನ್ನೊಂದಕ್ಕೆ ಛತ್ರಪತಿ ಸಂಭಾಜಿನಗರದ ಒಂದು ಖಾಸಗಿ ವಿಶ್ವವಿದ್ಯಾಲಯದಲ್ಲಿ ಇಳಿದರೆ ಅವನು ‘ಪ್ರೊಫೆಸರ್ ಬಿರಾದಾರ’. ಎಂಎಸ್ಸಿಯ ಇಪ್ಪತ್ತೆರಡು ಜನಕ್ಕೆ ಸುಸ್ಥಿರತೆಯ ಪಾಠ. ಅರೆಕಾಲಿಕ ಕೆಲಸ, ಸೆಮಿಸ್ಟರ್ ಮುಗಿದ ಮೇಲೆ ಮತ್ತೆ ಕರೆದರೆ ಉಂಟು, ಇಲ್ಲದಿದ್ದರೆ ಇಲ್ಲ. ಕರೆಯುವುದು ಬಿಡುವುದು ವಿಭಾಗದ ಮುಖ್ಯಸ್ಥೆ ಮಂದಾಕಿನಿ ಮೇಡಂ ಕೈಯಲ್ಲಿ. ಅವರು ತರಗತಿಯ ಬಾಗಿಲ ಬಳಿ ಒಂದು ನಿಮಿಷ ನಿಂತು ಹೋದರೆ ಸಾಕು, ರವಿಕಾಂತನ ಅಂಗಿಯ ಬೆನ್ನಿನಲ್ಲಿ ಗೋದಾವರಿ ಹುಟ್ಟಿ ಹರಿಯುತ್ತಿತ್ತು.

ಮೊದಲೆರಡು ಶನಿವಾರ ಅವನು ತನಗೆ ಗೊತ್ತಿದ್ದ ಸತ್ಯವನ್ನೆಲ್ಲ ಹೇಳಿದ. ಆಮ್ಲ, ಕ್ಷಾರ, ಗಸಿ, ಸೋಸುವ ಮರಳು. ಹಿಂದಿನ ಸಾಲು ಮೊದಲು ಮಲಗಿತು, ಆಮೇಲೆ ನಡುವಿನದು. ಮೂರನೇ ಶನಿವಾರ ಮೊದಲ ಸಾಲಿನ ನಿತೀಶ್ ಎಂಬ ಹುಡುಗ, ಮಲಗುವ ಮೊದಲು ಒಂದು ಪ್ರಶ್ನೆ ಕೇಳೋಣ ಎಂಬಂತೆ, ಆಕಳಿಸುತ್ತಾ ಕೇಳಿದ:

“ಸರ್, ಅಷ್ಟು ಸ್ವಚ್ಛ ಆಗುತ್ತೆ ಅಂತೀರಲ್ಲ, ನೀವು ಕುಡೀತೀರಾ ಆ ನೀರು?”

ಇಲ್ಲ ಎನ್ನುವುದಕ್ಕೆ ಎರಡೇ ಅಕ್ಷರ. ಬಾಗಿಲಲ್ಲಿ ಮಂದಾಕಿನಿ ಮೇಡಂ ಸೀರೆಯ ಸೆರಗು ಕಂಡಿತು. ರವಿಕಾಂತನ ಬಾಯಿ ಅವನನ್ನು ಕೇಳದೆಯೇ ತೆರೆದುಕೊಂಡಿತು.

“ಕುಡಿಯೋದಾ? ಮೂರು ವರ್ಷದಿಂದ ದಿನಾ ಬೆಳಗ್ಗೆ ಅದರಲ್ಲೇ ಚಹಾ!”

ಇಪ್ಪತ್ತೆರಡು ತಲೆಗಳು ಎದ್ದವು. ಪೆನ್ನುಗಳು ಎದ್ದವು. ಅದರ ಮುಂದಿನ ಶನಿವಾರ ಅವನ ಕಥೆಯಲ್ಲಿ ಒಂದು ಕಪ್ಪು ಮೂರಾಯಿತು. ಅದರ ಮುಂದಿನ ಶನಿವಾರ ಮಾಲಿನ್ಯ ತಪಾಸಣೆಗೆ ಬಂದ ಸಾಹೇಬರು ಎರಡನೇ ಕಪ್ಪು ಕೇಳಿ ಕುಡಿದರು. ಆಮೇಲೊಂದು ಶನಿವಾರ ಅದೇ ಸಾಹೇಬರ ಹತ್ತು ವರ್ಷದ ಎದೆಯುರಿ ಆ ಚಹಾದಿಂದ ವಾಸಿಯಾಯಿತು. ಬೇರೆ ತರಗತಿಯವರು ಬಂದು ಕಿಟಕಿಯಲ್ಲಿ ನಿಂತು ಕೇಳತೊಡಗಿದರು. ಹಾಜರಿಯನ್ನು ಕೂಡ ಅವನು ಹೆಸರು ಕರೆಯದೆ ಬರೀ ನಂಬರಿನಲ್ಲಿ ಮುಗಿಸುತ್ತಿದ್ದ. “ಹೆಸರಿಗೆ ಖರ್ಚಾಗೋ ಉಸಿರೂ ಒಂದು ಸಂಪನ್ಮೂಲವೇ” ಎಂದು ಅದಕ್ಕೊಂದು ಸಿದ್ಧಾಂತ ಬೇರೆ. ಹಾಗಾಗಿ ಕಿಟಕಿ ಪಕ್ಕ ಕೂತು “ಯೆಸ್ ಸರ್” ಎನ್ನುವುದು ಬಿಟ್ಟು ಒಂದು ಮಾತೂ ಆಡದ ಹುಡುಗಿ ಅವನಿಗೆ ಹದಿನೇಳನೇ ನಂಬರು, ಅಷ್ಟೇ.

ಸೆಮಿಸ್ಟರ್ ಮುಗಿಯಲು ಹತ್ತು ದಿನ ಇರುವಾಗ ಮಂದಾಕಿನಿ ಮೇಡಂ ಅವನನ್ನು ಕೋಣೆಗೆ ಕರೆದರು.

“ಬಿರಾದಾರ್, ಎಲ್ಲರೂ ನಿಮ್ಮ ಚಹಾದ ಬಗ್ಗೆಯೇ ಮಾತಾಡ್ತಾರೆ. ಬರೋ ಶುಕ್ರವಾರ ಬಸ್ ಮಾಡ್ಕೊಂಡು ಬರ್ತೀವಿ. ಪ್ಲಾಂಟ್ ತೋರಿಸಿ, ಚಹಾ ಕೊಡಿ. ಅದನ್ನ ನೋಡಿಯೇ ಮುಂದಿನ ಸೆಮಿಸ್ಟರ್ ಮಾತು.”

“ಬನ್ನಿ ಮೇಡಂ, ಬನ್ನಿ. ಸಕ್ಕರೆ ಕೂಡ ಬೇಕಾಗಲ್ಲ, ಆ ನೀರೇ ಅಷ್ಟು ಸಿಹಿ” ಅಂದ ರವಿಕಾಂತ. ಹಾಗಂದು ಹೊರಗೆ ಬಂದ ಮೇಲೆ ಶುಕ್ರವಾರಕ್ಕೆ ಎಷ್ಟು ದಿನ ಉಳಿದಿದೆ ಎಂದು ಬೆರಳಲ್ಲಿ ಎಣಿಸಿದ.

ಆ ಆರು ದಿನ ಅವನ ತಲೆಯಲ್ಲಿ ಸಾತಪುರದ ಸಮಸ್ತ ಲೇಥ್ ಮಷಿನುಗಳು ಮೂರು ಪಾಳಿಯಲ್ಲಿ ತಿರುಗಿದವು. ತೂಕ ಹನ್ನೊಂದು ಕಿಲೋ ಇಳಿಯಿತು. ಸರಿ, ಎರಡು ಎನ್ನಿ. ಕೊನೆಯ ನಲ್ಲಿಯ ನೀರನ್ನು ಸೀಸೆಯಲ್ಲಿ ಹಿಡಿದು ಬೆಳಕಿಗೆ ಎತ್ತಿ ನೋಡುತ್ತಿದ್ದ. ನೋಡಲು ಗಾಜಿನಷ್ಟು ತಿಳಿ. ಆದರೆ ಕಾಣದ್ದು ಏನಿದೆ ಎಂದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಹುಲ್ಲಿಗೆ ಬಿಡಲು ಅಡ್ಡಿಯಿಲ್ಲದ ನೀರು ಅದು. ಕುಡಿಯುವ ನೀರಿನಲ್ಲಿ ಇರಬಹುದಾದ ನಿಕಲ್‌ಗಿಂತ ನೂರು ಪಟ್ಟು ಅದರಲ್ಲಿ ಇದ್ದರೂ ಕಾನೂನು ಸುಮ್ಮನಿರುತ್ತದೆ. ಈ ಕಥೆಯಲ್ಲಿ ಉಬ್ಬಿಸದೆ ಹೇಳಿದ ಅಂಕಿ ಇದೊಂದೇ.

ಉಪಾಯವೇನೋ ಸುಲಭದ್ದೇ ಹೊಳೆಯಿತು. ತೊಟ್ಟಿಗಳ ಹಿಂದಿನ ತಗಡಿನ ಕೋಣೆಯಲ್ಲಿ ರೇಣವ್ವ ದಿನಾ ಎಲ್ಲರಿಗೂ ಚಹಾ ಮಾಡುತ್ತಾಳೆ, ಪೇಟೆಯಿಂದ ಬರುವ ಕ್ಯಾನಿನ ನೀರಿನಲ್ಲಿ. ಚಿಂಚೋಳಿ ಕಡೆಯವಳು, ಉಳಿದ ಹೊತ್ತು ತೊಟ್ಟಿ ಸುತ್ತ ಕಸ ಹೊಡೆಯುವ ಕೆಲಸ. ಕಾರ್ಖಾನೆಯಲ್ಲಿ ರವಿಕಾಂತ ಕನ್ನಡ ಮಾತಾಡುವುದು ಅವಳೊಬ್ಬಳ ಜೊತೆ. ಮೊದಲೇ ಕಿಟ್ಲಿ ತುಂಬಿಸಿ ಇಟ್ಟುಬಿಟ್ಟರೆ ಯಾರು ಕೇಳುತ್ತಾರೆ?

ಶುಕ್ರವಾರ ಬೆಳಗ್ಗೆ ನಿತೀಶನ ಮೆಸೇಜು ಬಂತು: ಡ್ರೈವರ್ ದಾರಿ ತಪ್ಪಿ ಪಿಂಪಳಗಾಂವ್ ಬಸವಂತ್‌ಗೆ ಬಂದಿದ್ದಾನೆ, ಮುಂದೆ ಉಳ್ಳಾಗಡ್ಡಿ ಟ್ರ್ಯಾಕ್ಟರುಗಳ ಸಾಲು, ಬಸ್ಸು ಅಲುಗುತ್ತಿಲ್ಲ. ರವಿಕಾಂತ ಕಣ್ಣು ಮುಚ್ಚಿ ಮಹಾರಾಷ್ಟ್ರದ ಎಲ್ಲ ಉಳ್ಳಾಗಡ್ಡಿ ಇವತ್ತೇ ಮಾರಾಟಕ್ಕೆ ಬರಲಿ ಎಂದು ಬೇಡಿಕೊಂಡ. ಹನ್ನೊಂದೂವರೆಗೆ ಗೇಟಿನಲ್ಲಿ ಹಾರ್ನ್ ಕೇಳಿತು.

ರವಿಕಾಂತ ತೊಟ್ಟಿಗಳನ್ನು ಒಂದೊಂದಾಗಿ ತೋರಿಸುತ್ತಾ ಹೋದ. ಏಳನೆಯ ತೊಟ್ಟಿಯಲ್ಲಿ ಆರು ಕೆಂಪು ಮೀನು ಓಡಾಡುತ್ತಿದ್ದವು. “ಸಾಕ್ಷಿ!” ಅಂದ ರವಿಕಾಂತ. “ಈ ನೀರಲ್ಲೇ ಹುಟ್ಟಿ, ಈ ನೀರಲ್ಲೇ ಮರಿ ಹಾಕಿ, ಮೊಮ್ಮಕ್ಕಳನ್ನ ಕಂಡ ಮೀನು ಇವು.” ಎಲ್ಲರೂ ಫೋನು ಹಿಡಿದು ಬಗ್ಗಿದರು. ತುಂಬಿದ ಕಿಟ್ಲಿ ಕೋಣೆಯಲ್ಲಿ ಕಾಯುತ್ತಿತ್ತು.

“ಸರ್, ಕಿಟ್ಲಿ ಇಲ್ಲಿಗೆ ತರಿಸಿ,” ಅಂದ ನಿತೀಶ್. “ನಾವೇ ನಲ್ಲಿಯಿಂದ ತುಂಬಿಸ್ತೀವಿ. ವಿಡಿಯೋದಲ್ಲಿ ಅದು ಬರಲೇಬೇಕು.”

“ಹೌದು, ತರಿಸಿ ಬಿರಾದಾರ್,” ಅಂದರು ಮೇಡಂ.

ರೇಣವ್ವ ಖಾಲಿ ಕಿಟ್ಲಿಯೊಂದನ್ನು ತಂದಳು. ನಿತೀಶ್ ಕೊನೆಯ ನಲ್ಲಿ ತಿರುಗಿಸಿ ಗಂಟಲವರೆಗೂ ತುಂಬಿಸಿ ಅವಳ ಕೈಗೆ ಕೊಟ್ಟ. ರವಿಕಾಂತ ಮುಖದ ತುಂಬ ನಗು ಬಳಿದುಕೊಂಡು ಕನ್ನಡದಲ್ಲಿ ಶುರು ಮಾಡಿದ. ಇಷ್ಟು ಜನ ಮರಾಠಿಗರ ನಡುವೆ ಕನ್ನಡವೆಂದರೆ ಬೀಗ ಹಾಕಿದ ಕೋಣೆ.

“ರೇಣವ್ವ, ನಗನಗ್ತಾ ಕೇಳು. ಒಳಗ ಹೋಗಿ ಈ ನೀರ್ ಚೆಲ್ಲಿಬಿಡು. ಕ್ಯಾನಿನ ನೀರಾಗ ಚಹಾ ಮಾಡ್ಕೊಂಡು ಬಾ. ಯಾರಿಗೂ ಗೊತ್ತಾಗಬಾರ್ದು.”

ರೇಣವ್ವ ನಗಲಿಲ್ಲ. “ಯಾಕ್ರಿ ಸಾಹೇಬ್ರ, ಹುಡ್ರಿಗಿ ಸುಳ್ಳ್ಯಾಕ ಹೇಳ್ಲತೀರಿ? ಈ ನೀರಿಲೆ ಕಾಲ್ ತೊಳಕೊಂಡ್ರ ನನ್ನ ಬೆರಳ ಸಂದ್ಯಾಗ ತುರಿ ಬಿಡವಲ್ದು.”

“ಅದಕ್ಕೇ ಚೆಲ್ಲು ಅನ್ಲತೀನಿ. ನಗು ಮಾರಾಯ್ತಿ, ನಗು.”

“ನಗೂ ಹೆಂಗ ಬರ್ತದ್ರಿ? ನಿಮ್ಮ ಮಾರಿ ನೋಡ್ಕೋರಿ, ಸುಣ್ಣ ಹಚ್ಚಿದ ಗ್ವಾಡಿ ಆಗ್ಯಾದ.”

“ಏನಂತಾಳೆ?” ಮಂದಾಕಿನಿ ಮೇಡಂ ಕೇಳಿದರು.

“ಸಕ್ಕರೆ ಎಷ್ಟು ಅಂತ ಕೇಳ್ತಿದ್ದಾಳೆ ಮೇಡಂ.”

“ಬೇಕಾಗಲ್ಲ ಅಂದಿದ್ರಲ್ಲ?”

“ಅದೇ ಹೇಳಿದೆ, ನಂಬ್ತಾ ಇಲ್ಲ.”

ರೇಣವ್ವ ಗೊಣಗುತ್ತಾ ಒಳಗೆ ಹೋದಳು. ಹತ್ತು ನಿಮಿಷ ಕಳೆಯಿತು. ರವಿಕಾಂತನ ಲೆಕ್ಕದಲ್ಲಿ ಒಂದು ಶತಮಾನ, ಅಧಿಕ ಮಾಸ ಸೇರಿ. ಚಹಾ ಬಂತು. ಅವನು ಅವಳ ಕಣ್ಣು ನೋಡಿದ. ಅವಳು ಬೇಕೆಂದೇ ಬೇರೆ ಕಡೆ ನೋಡಿದಳು. ಚೆಲ್ಲಿದಳೋ ಇಲ್ಲವೋ? ಅವನು ಕಪ್ಪು ಎತ್ತಿದ. ಒಂದು ಗುಟುಕು ಬಾಯಿಗೆ ಬಿದ್ದಾಗ ಕ್ಯಾನಿನ ನೀರಿನ ಸಪ್ಪೆ ರುಚಿ ಗುರುತು ಸಿಕ್ಕಿತು, ಅಮೃತವೂ ಅಷ್ಟು ರುಚಿಸದು.

ಉಳಿದವರು ಮೂಸಿದರು, ಒಬ್ಬರ ಮುಖ ಒಬ್ಬರು ನೋಡಿದರು, ನಾಲಗೆ ತುದಿಗೆ ಹಚ್ಚಿದರು, ಆಮೇಲೆ ಕುಡಿದರು. ಹದಿನೇಳನೇ ನಂಬರು ಮಾತ್ರ ಮೂಸಲಿಲ್ಲ, ಹೆದರಲಿಲ್ಲ. ಮನೆಯ ಚಹಾದ ಹಾಗೆ ಗಟಗಟ ಕುಡಿದು ಕಪ್ಪು ಕೆಳಗಿಟ್ಟಳು.

“ವಾಹ್,” ಅಂದರು ಮಂದಾಕಿನಿ ಮೇಡಂ. “ಮುಂದಿನ ಸೆಮಿಸ್ಟರಿಗೂ ನೀವೇ. ಸೋಮವಾರ ಪತ್ರ ಕಳಿಸ್ತೀನಿ.”

ಲೇಥ್ ಮಷಿನುಗಳು ಒಂದೊಂದಾಗಿ ನಿಂತವು. ರವಿಕಾಂತ ಆರು ದಿನದಲ್ಲಿ ಮೊದಲ ಸಲ ಪೂರ್ತಿ ಉಸಿರು ತೆಗೆದುಕೊಂಡ. ಅಷ್ಟರಲ್ಲಿ ಬೆನ್ನ ಹಿಂದೆ ನಲ್ಲಿ ಸುರಿಯುವ ಸದ್ದು ಕೇಳಿತು.

ನಿತೀಶ್ ಸ್ಟೀಲಿನ ಲೋಟ ತುಂಬಿಸಿಕೊಂಡು, ಇನ್ನೊಂದು ಕೈಯಲ್ಲಿ ಫೋನು ಎತ್ತಿ ಹಿಡಿದಿದ್ದ. “ಚಹಾ ಕುದಿಸಿದ್ದು ಸರ್, ಅದರಲ್ಲೇನು ದಮ್? ನಾನು ಸೀದಾ ಕುಡೀತೀನಿ. ಲೈವ್!”

ಎಲ್ಲರೂ ಸುತ್ತ ನೆರೆದು ಸಿಳ್ಳೆ ಹಾಕಿದರು. “ಪೂರಾ ಲೋಟ! ಪೂರಾ ಲೋಟ!”

ರವಿಕಾಂತ ಲೆಕ್ಕ ಹಾಕತೊಡಗಿದ. ಒಂದು ಲೋಟಕ್ಕೆ ಏನಾಗುತ್ತದೆ? ಏನೂ ಆಗಲಿಕ್ಕಿಲ್ಲ. ವಾಂತಿಯಾದೀತು. ಅದೂ ಬಸ್ಸಿನಲ್ಲಿ ಆದರೆ ಡ್ರೈವರನ ಮೇಲೆ ಹೋದೀತು. ಆದರೆ ನಿನ್ನೆ ಮೂರನೇ ತೊಟ್ಟಿಯ ಪಂಪು ಎರಡು ತಾಸು ನಿಂತಿತ್ತು. ನಿಂತಾಗ ಎಷ್ಟು ಹಾಗೇ ಹಾಯ್ದು ಬಂದಿದೆಯೋ ಅವನು ಅಳೆದಿರಲಿಲ್ಲ. ಚಹಾದ ಚಿಂತೆಯಲ್ಲಿ ಅಳೆಯಲು ಮರೆತಿದ್ದ. ಸೋಮವಾರದ ಪತ್ರ ಕಣ್ಣೆದುರು ಬಂತು. ಲೋಟ ಹುಡುಗನ ಗದ್ದದ ಹತ್ತಿರ ಬಂತು.

ಯಾರೋ ಅವನ ತೋಳು ಮುಟ್ಟಿದರು. ಹದಿನೇಳನೇ ನಂಬರು.

“ಸರ್,” ಅಂದಳು ಮೆಲ್ಲಗೆ. ಒಂದೊಂದೇ ಶಬ್ದವನ್ನು ಕತ್ತಲೆಯಲ್ಲಿ ತಡವಿ ಹುಡುಕಿದಂತೆ, ಕನ್ನಡದಲ್ಲಿ. “ಅವ... ಕುಡೀತಾನ. ನೀವ್ ಹೇಳ್ರಿ. ಲೌಕರ್... ಜಲ್ದಿ ಹೇಳ್ರಿ.”

ರವಿಕಾಂತ ಅವಳನ್ನು ನೋಡಿದ.

“ನಾ ಮಂಗಲಾ. ಮಾಳಪ್ಪನ ಮಗಳು. ಅಪ್ಪ ಬಿಡಕಿನ್‌ದಾಗ ಗವಂಡಿ ಕೆಲಸ, ಗ್ವಾಡಿ ಕಟ್ಟತಾನ. ನನಗ ತಿಳೀತದ್ರಿ ಎಲ್ಲಾ. ಬೋಲಾಯ್ಲಾ... ಮಾತಾಡಾಕ ಬರಲ್ಲ, ಅಷ್ಟೇ.” ಅವಳ ಕಣ್ಣು ತುಂಬಿತ್ತು. “ನೀವ್ ಹೇಳದಿದ್ರ ನಾ ಮರಾಠೀಲಿ ಹೇಳ್ತೀನಿ. ನೀವ್ ಹೇಳ್ರಿ, ಸರ್. ನೀವಽ ಹೇಳ್ರಿ.”

ರವಿಕಾಂತ ಹುಲಿಯ ಹಾಗೆ ಹಾರಿದ ಎನ್ನಲು ಬಾಯಿ ತವಕಿಸುತ್ತಿದೆ. ಹಾರಲಿಲ್ಲ. ಎರಡು ಹೆಜ್ಜೆ ಓಡಿ, ಒದ್ದೆ ಹಾಸುಗಲ್ಲಿನ ಮೇಲೆ ಕಾಲು ಜಾರಿ, ನಿತೀಶನ ಮೈಮೇಲೆ ಹೋಗಿ ಬಿದ್ದ. ಲೋಟದ ನೀರೆಲ್ಲ ರವಿಕಾಂತನ ಅಂಗಿಯ ಮೇಲೆ ಚೆಲ್ಲಿತು. ಬಿದ್ದಲ್ಲಿಂದಲೇ ತಲೆ ಎತ್ತಿ ಕೇಳಿದ:

“ಬಾಯಿಗೆ ಹೋಯ್ತಾ?”

“ಇಲ್ಲ ಸರ್. ಏನಾಯ್ತು?”

“ಉಗುಳು. ಹೋಗದಿದ್ದರೂ ಉಗುಳು.”

ಹುಡುಗ ಉಗುಳಿದ. ಸಿಳ್ಳೆಗಳು ನಿಂತಿದ್ದವು.

“ಈ ನೀರು ನಾನು ಒಂದು ಹನಿಯೂ ಕುಡಿದಿಲ್ಲ,” ಅಂದ ರವಿಕಾಂತ.

ನಿತೀಶ್ ಕೈಯಲ್ಲಿದ್ದ ಫೋನು ನೋಡಿಕೊಂಡ. “ಸರ್, ಲೈವ್ ಇನ್ನೂ ಚಾಲೂ ಇದೆ. ಬಂದ್ ಮಾಡ್ಲಾ?”

“ಮಾಡಪ್ಪ,” ಅಂದ ರವಿಕಾಂತ. ಅಷ್ಟು ದೊಡ್ಡ ಮನುಷ್ಯನೇನಲ್ಲ ಅವನು.

ಬಂದ್ ಆದ ಮೇಲೆ ಮುಂದುವರಿಸಿದ. ಮಾತುಗಳು ಇವತ್ತು ಉಬ್ಬಲೇ ಇಲ್ಲ, ಒಣಗಿದ ಹಾಗೆ ಬಂದವು. “ಈಗ ನೀವು ಕುಡಿದದ್ದು ಕ್ಯಾನಿನ ನೀರಿನ ಚಹಾ. ನಾನೇ ಬದಲಿಸೋಕೆ ಹೇಳಿದೆ, ರೇಣವ್ವನದೇನೂ ತಪ್ಪಿಲ್ಲ. ತಪಾಸಣೆಯ ಸಾಹೇಬರು ಇಲ್ಲಿ ನೀರೂ ಮುಟ್ಟಿದವರಲ್ಲ. ಮೀನುಗಳು ಮೂರು ವಾರ ಬದುಕ್ತವೆ, ಸತ್ತ ಮೇಲೆ ನಾನು ಅಂಗಡಿಯಿಂದ ಹೊಸವು ತಂದು ಬಿಡ್ತೀನಿ. ಇವನ್ನು ತಂದದ್ದು ಮೊನ್ನೆ ಮಂಗಳವಾರ. ನಿನ್ನೆ ಪಂಪು ನಿಂತಿತ್ತು. ಇವತ್ತು ಈ ನೀರಲ್ಲಿ ಏನೆಷ್ಟಿದೆ ಅಂತ ನನಗೇ ಗೊತ್ತಿಲ್ಲ.”

ಇಲ್ಲಿ ಚಪ್ಪಾಳೆ ಬಿದ್ದಿದ್ದರೆ ಎಷ್ಟು ಚೆನ್ನಿತ್ತು. ಬೀಳಲಿಲ್ಲ. ಹಿಂದಿನ ಸಾಲಿನ ಒಬ್ಬ ತನ್ನ ನೋಟ್‌ಬುಕ್ಕಿನ ಹಾಳೆಗಳನ್ನು ಹಿಂದಕ್ಕೆ ಮಗುಚುತ್ತಾ, ಅಲ್ಲಲ್ಲಿ ಅಡ್ಡಗೆರೆ ಎಳೆಯುತ್ತಿದ್ದ. ಮಂಗಲಾ ನೆಲ ನೋಡುತ್ತಿದ್ದಳು. ರೇಣವ್ವ ಒಳಗಿನಿಂದ ಒಂದು ಒಣ ಟವಲು ತಂದು ಸಾಹೇಬರ ಹೆಗಲ ಮೇಲೆ ಹಾಕಿ, “ಅಂಗಿ ಕಳೀರಿ, ಮೈ ತುರಸ್ತದ” ಅಂದಳು.

ಮಂದಾಕಿನಿ ಮೇಡಂ ತಮ್ಮ ಖಾಲಿ ಕಪ್ಪನ್ನು ರೇಣವ್ವನ ಕೈಗೆ ಕೊಟ್ಟರು. ಪತ್ರದ ಮಾತು ಎತ್ತಲಿಲ್ಲ.

“ಯಾಕೆ ಬಿರಾದಾರ್?” ಅಂದರು. “ಇಷ್ಟು ಕೆಲಸ ಗೊತ್ತಿದೆ ನಿಮಗೆ. ಅದನ್ನೇ ಹೇಳಬಹುದಿತ್ತಲ್ಲ?”

ರವಿಕಾಂತ ಅಂಗಿಯ ಗುಂಡಿ ಬಿಚ್ಚುತ್ತಾ ಉತ್ತರ ಹುಡುಕಿದ. ಬಣ್ಣದ ಉತ್ತರಗಳು ಮೂರ್ನಾಲ್ಕು ಬಂದವು, ಬಿಟ್ಟುಬಿಟ್ಟ.

“ಹೇಳಿದ್ದೆ ಮೇಡಂ, ಎರಡು ಶನಿವಾರ. ಎಲ್ಲರೂ ಮಲಗಿದ್ರು. ನೀವು ಬಾಗಿಲಲ್ಲಿ ನಿಂತಿದ್ರಿ. ನನಗೆ ಹೆದರಿಕೆಯಾಯ್ತು.”